ಎಣ್ಣೆಗೂ ಒಂದು ಜಾತಕ

ಹೋದ ತಿಂಗಳು ತಮಿಳು ಸೀಮೆಯ ನಮ್ಮೂರು ಮಾರಂಡಹಳ್ಳಿಯಲ್ಲಿ ಬಸ್ಸಿಳಿದಾಗ ಎದುರು ಗೋಡೆಯ ಮೇಲೆ ಅವರ ಕಣ್ಣೀರಂಜಲಿ ಪೋಸ್ಟರ್ ಕಂಡಿತು. ಎರಡು ಬದಿಗೂ ಉರಿಯುವ ದೀಪ, ನಡುವೆ ಅವರ ಮುಖ. ಬದುಕಿರುವಾಗ ಬನಿಯನ್ನಿನ ಮೇಲೆ ಶರ್ಟು ಹಾಕಿಕೊಳ್ಳುವುದಕ್ಕೇ ಬೇಸರಪಡುತ್ತಿದ್ದ ಮನುಷ್ಯನಿಗೆ ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ನೀಲಿ ಕೋಟು ತೊಡಿಸಿ, ಹೆಸರಿನ ಹಿಂದೆ ತಮಿಳಿನಲ್ಲಿ ‘ಆಯಿಲ್ ವ್ಯಾಪಾರದ ಸಿಂಹ’ ಎಂದು ಹಾಕಿದ್ದ. ನಾನು ಅಲ್ಲೇ ನಿಂತು ನಕ್ಕುಬಿಟ್ಟೆ. ಅಂಗಡಿಯನ್ನು ಅವರ ಮಕ್ಕಳು ಈಗಲೂ ನಡೆಸುತ್ತಿರುವುದರಿಂದ ಹೆಸರು ಬರೆಯುವುದಿಲ್ಲ. ಊರೆಲ್ಲ ಆಯಿಲ್ ಮಾಮ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತೇನೆ.

ತೊಂಬತ್ತರ ದಶಕದಲ್ಲಿ ಅವರ ಎಂಜಿನ್ ಆಯಿಲ್ ಅಂಗಡಿಯ ಮಹಡಿಯ ಮೇಲೆ ನಾನು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಕೆಳಗೆ ಎಣ್ಣೆ, ಮೇಲೆ ಟಕಟಕ. ನನ್ನ ಮನೆಮಾತು ಕನ್ನಡ, ಓದಿದ್ದು ತಮಿಳು, ಹೊಟ್ಟೆಪಾಡು ಇಂಗ್ಲಿಷು; ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಕನಕಪುರದ ಕಡೆಗೆ ಬಂದ ಮೇಲೆ. ಮಾಮನಿಗೂ ಮನೆಯಲ್ಲಿ ಕನ್ನಡ, ಗಿರಾಕಿಗಳ ಹತ್ತಿರ ಎರಡೂ. ಇಂಗ್ಲಿಷ್ ಮಾತ್ರ ಅವರ ಪಾಲಿಗೆ ದೇವರ ಭಾಷೆ. ಎಷ್ಟು ಕಡಿಮೆ ಅರ್ಥವಾಗುತ್ತದೋ ಅಷ್ಟು ಹೆಚ್ಚು ಭಕ್ತಿ.

ಈ ಭಕ್ತಿಗೆ ಒಂದು ವಿಗ್ರಹ ಸಿಕ್ಕಿದ್ದು ಸೇಲಂನಲ್ಲಿ. ಆಯಿಲ್ ಕಂಪನಿಯೊಂದು ಡೀಲರುಗಳನ್ನೆಲ್ಲ ಹೋಟೆಲಿಗೆ ಕರೆದು, ಬಿರಿಯಾನಿ ಹಾಕಿ, ಹೊರಡುವಾಗ ಒಂದೊಂದು ಫೈಲು ಕೊಟ್ಟಿತ್ತು. ಫೈಲಿನಲ್ಲಿ ಕ್ಯಾಲೆಂಡರು, ಪೆನ್ನು, ಜೊತೆಗೆ ಸೇಫ್ಟಿ ಡೇಟಾ ಶೀಟ್ ಎಂಬ ಇಂಗ್ಲಿಷ್ ಹಾಳೆಗಳು. ಆಯಿಲಿಗೆ ಬೆಂಕಿ ಹತ್ತಿದರೆ, ಕಣ್ಣಿಗೆ ಸಿಡಿದರೆ, ಹೊಟ್ಟೆಗೆ ಹೋದರೆ ಏನು ಮಾಡಬೇಕೆಂದು ತಯಾರಿಸಿದ ಕಂಪನಿಯೇ ಬರೆದುಕೊಡುವ ಕಾಗದ ಅದು. ಉಳಿದ ಡೀಲರುಗಳು ಪೆನ್ನು ಜೇಬಿಗೆ ಹಾಕಿಕೊಂಡು ಹಾಳೆಗಳನ್ನು ಬಸ್ಸಿನಲ್ಲಿ ಬೋಂಡ ಒತ್ತುವುದಕ್ಕೆ ಬಳಸಿದರಂತೆ. ಮಾಮ ಮಾತ್ರ ಅವನ್ನು ಮಡಿಕೆ ಬೀಳದಂತೆ ತಂದು, ಒಂದು ದೊಡ್ಡ ರಟ್ಟಿನ ಮೇಲೆ ಪಕ್ಕಪಕ್ಕ ಅಂಟಿಸಿ, ಗಾಜು ಹಾಕಿಸಿ, ಮುರುಗನ ಪಟಕ್ಕೂ ತೀರಿಹೋದ ತಮ್ಮ ಅಪ್ಪನ ಫೋಟೋಕ್ಕೂ ನಡುವೆ ನೇತುಹಾಕಿದರು. ಆಯುಧ ಪೂಜೆಯಲ್ಲಿ ಮೂವರಿಗೂ ಒಂದೇ ಅಳತೆಯ ಗಂಧ, ಕುಂಕುಮ.

ಓದಿ ಹೇಳುವ ಕೆಲಸ ನನ್ನದು. “ಒಸಿ ಇಳಿದು ಬಾ ಕಣ್ಣು,” ಎಂದು ಮೆಟ್ಟಿಲ ಕೆಳಗಿನಿಂದ ಕರೆಯುತ್ತಿದ್ದರು. ನಮ್ಮ ಕಡೆ ಹಿರಿಯರು ಕಿರಿಯರನ್ನು ಕಣ್ಣು ಅಂತಲೇ ಕರೆಯುವುದು. ಆ ಹಾಳೆಗಳನ್ನು ಮಾಮ ಎಣ್ಣೆಯ ಜಾತಕ ಎನ್ನುತ್ತಿದ್ದರು. ಇನ್ನೂರು ಡಿಗ್ರಿ ದಾಟುವ ತನಕ ಈ ಎಣ್ಣೆಗೆ ಬೆಂಕಿ ಹತ್ತುವುದಿಲ್ಲ ಎಂದು ನಾನು ಓದಿದರೆ, ಅಲ್ಲಿಯವರೆಗೆ ಇದಕ್ಕೆ ಕೋಪ ಬರುವುದಿಲ್ಲ, ಇಷ್ಟು ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗಿದೆ ಎಂದು ಗಿರಾಕಿಗಳ ಕಡೆ ತಿರುಗುತ್ತಿದ್ದರು. ಎಣ್ಣೆಗೆ ಏನೇನು ಬೆರೆಸಿದ್ದೇವೆ ಎಂಬುದು ವ್ಯಾಪಾರದ ಗುಟ್ಟು, ಹೇಳಲಾಗದು ಎಂದು ಒಂದು ಕಡೆ ಇತ್ತು. ಅದು ಅವರಿಗೆ ಬಹಳ ಹಿಡಿಸಿತು. ಮರ್ಯಾದಸ್ಥರ ಮನೆಯವರು ಎಲ್ಲವನ್ನೂ ಬೀದಿಯಲ್ಲಿ ಬಿಚ್ಚಿ ಹೇಳುತ್ತಾರೆಯೇ ಎಂದು ಕೇಳಿದರು. ಇನ್ನು ಹಲವು ಕಡೆ ‘ಮಾಹಿತಿ ಇಲ್ಲ’ ಎಂದಿತ್ತು. ಅದನ್ನು ಓದುವಾಗ ನನಗೇ ಒಂದು ಥರ ನಾಚಿಕೆಯಾಯಿತು. ಮಾಮನಿಗೆ ಆಗಲಿಲ್ಲ.

“ಗೊತ್ತಿಲ್ಲ ಅಂತ ಇಂಗ್ಲೀಷ್‌ನಾಗೆ ಅಚ್ಚು ಆಕ್ಸವ್ರೆ ಅಂದ್ರೆ, ಅವ್ರಿಗೆ ಎಷ್ಟು ಗೊತ್ತಿರ್ಬೇಕು ಏಳು,” ಅಂದರು.

ಈ ಜಾತಕದ ಸೊಗಸೆಂದರೆ, ಗಿರಾಕಿಗೆ ಬೇಕಾದ ಒಂದೇ ಒಂದು ಸಂಗತಿಯೂ ಅದರಲ್ಲಿ ಇರಲಿಲ್ಲ. ಈ ಆಯಿಲ್ ಹಾಕಿದರೆ ಲಾರಿ ತೊಪ್ಪೂರು ಘಾಟಿ ಹತ್ತುತ್ತದೆಯೇ, ಎಂಜಿನ್ ಬಾಳಿಕೆ ಬರುತ್ತದೆಯೇ, ಇದು ಅಸಲಿಯೇ ನಕಲಿಯೇ, ಒಂದಕ್ಕೂ ಉತ್ತರವಿಲ್ಲ. ಒಮ್ಮೆ ಒಬ್ಬ ಲಾರಿ ಡ್ರೈವರು ನಿಮ್ಮ ಆಯಿಲ್ ಹಾಕಿಸಿ ನನ್ನ ಪಿಸ್ಟನ್ ಕಚ್ಚಿಕೊಂಡಿತು ಎಂದು ಜಗಳಕ್ಕೆ ಬಂದ. ಮಾಮ ಕೂಗಾಡಲಿಲ್ಲ. ಅವನ ಹೆಗಲ ಮೇಲೆ ಕೈಹಾಕಿ ಫ್ರೇಮಿನ ಮುಂದೆ ನಿಲ್ಲಿಸಿ, ನನ್ನನ್ನು ಕರೆಸಿ, ಇದರಲ್ಲಿ ಎಲ್ಲಾದರೂ ಪಿಸ್ಟನ್ ಎಂಬ ಮಾತು ಇದೆಯೇ ನೋಡು ಅಂದರು. ನಾನು ಮೊದಲಿಂದ ಕಡೆಯವರೆಗೆ ಕಣ್ಣಾಡಿಸಿ ಇಲ್ಲ ಎಂದೆ. ಚರ್ಮಕ್ಕೆ ಏನಾಗುತ್ತದೆ, ಕಣ್ಣಿಗೆ ಏನಾಗುತ್ತದೆ, ಮೀನಿಗೆ ಏನಾಗುತ್ತದೆ ಎಂದೆಲ್ಲ ಬರೆದಿರುವವರು ಪಿಸ್ಟನ್ನಿಗೆ ಆಗುವುದಿದ್ದರೆ ಬರೆಯದೆ ಬಿಡುತ್ತಿದ್ದರೇ ಎಂದು ಮಾಮ ಕೇಳಿದರು. ಡ್ರೈವರು ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ಟಿನ್ ಕೊಂಡುಕೊಂಡು ಹೋದ.

ಜಾತಕದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾತು ಇದ್ದ ಕಡೆ ಮಾಮನಿಗೆ ಬೇಸರ. ಬಳಸಿದ ಆಯಿಲನ್ನು ಇಲಿಗಳ ಚರ್ಮಕ್ಕೆ ಬಳಿದು ಬಳಿದು ನೋಡಿದಾಗ ಗೆಡ್ಡೆ ಎದ್ದಿತ್ತು, ಆದ್ದರಿಂದ ಮೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ ಎಂದು ಒಂದು ಕಡೆ ಇತ್ತು. ನಮ್ಮೂರಿನಲ್ಲಿ ಆ ಕರಿ ಎಣ್ಣೆಯನ್ನು ಬೇಲಿಯ ಕಂಬಕ್ಕೂ, ಕಜ್ಜಿ ಹತ್ತಿದ ಎಮ್ಮೆಗೂ, ಕೆಲವರು ಒಡೆದ ಹಿಮ್ಮಡಿಗೂ ಹಚ್ಚುತ್ತಿದ್ದರು. ಮಾಮನೇ ಡಬ್ಬಿಯಲ್ಲಿ ಹಾಕಿ ಧರ್ಮಕ್ಕೆ ಕೊಡುತ್ತಿದ್ದರು. ಇಲಿಗೆ ಎಣ್ಣೆ ಬಳಿಯಿರೆಂದು ಕಂಪನಿಯವರಿಗೆ ಹೇಳಿದವರು ಯಾರು, ಮಾಡುವುದಕ್ಕೆ ಬೇರೆ ಕೆಲಸವಿಲ್ಲವೇ ಎಂದು ಅವರು ರೇಗಿದರು. ಆದರೆ ಮಾರನೆಯ ದಿನ ಅಂಗಡಿಯ ನಲ್ಲಿಯ ಹತ್ತಿರ ಒಂದು ಕೆಂಪು ಸೋಪು ಬಂದು ಕೂತಿತ್ತು.

ಅವರ ಮಗಳಿಗೆ ಎಡಪ್ಪಾಡಿಯ ಕಡೆಯ ನೇಕಾರರ ಮನೆಯಿಂದ ಸಂಬಂಧ ಬಂದಾಗಲೂ ಇದೇ ಗೋಳು. ಹುಡುಗನ ಜಾತಕ ಕೂಡಿಬಂದಿದೆ ಎಂದು ಜೋಯಿಸರು ಹೇಳಿದರು. ಮಾಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಾಗೆ ಬೆಂಕಿ ಬಿದ್ರೆ ಏನ್ ಮಾಡ್ಬೇಕು ಅಂತ ಎಲ್ಲೈತೆ?” ಎಂದು ಕೇಳಿಬಿಟ್ಟರು. ಸಂಬಂಧ ಮುರಿಯದೆ ಉಳಿದದ್ದು ಹುಡುಗನ ತಾಯಿ ನಕ್ಕಿದ್ದರಿಂದ.

ಮಾಮ ಕೆಟ್ಟ ಮನುಷ್ಯರಲ್ಲ. ನನಗೆ ಅವರನ್ನು ಕಂಡರೆ ಇಷ್ಟವೇ ಇತ್ತು. ಆಯಿಲನ್ನು ಎರಡು ಬೆರಳಿಗೆ ಮುಟ್ಟಿಸಿ, ತಿಕ್ಕಿ, ಬೆರಳು ಅಗಲಿಸಿ, ನಡುವೆ ಏಳುವ ಎಳೆಯನ್ನು ಬೆಳಕಿಗೆ ಹಿಡಿದು ಅರೆಗಣ್ಣಿನಲ್ಲಿ ನೋಡುವ ಆ ಠೀವಿ ಇಷ್ಟವಿತ್ತು. ಪರೀಕ್ಷೆಯ ದಿನಗಳಲ್ಲಿ ನನ್ನ ಹುಡುಗಿಯರಿಗೆ ತೊಂದರೆಯಾಗದಿರಲೆಂದು ಅಂಗಡಿಯ ರೇಡಿಯೋ ಆರಿಸುತ್ತಿದ್ದರು. ಟೈಪ್‌ರೈಟರಿನ ಕೀಲಿ ಬಿಗಿದುಕೊಂಡರೆ ತಾವೇ ಮೇಲೆ ಬಂದು ಹನಿಹನಿಯಾಗಿ ಎಣ್ಣೆ ಬಿಟ್ಟು ಸರಿಮಾಡುತ್ತಿದ್ದರು. ಅದಕ್ಕೆ ಯಾವಾಗಲೂ ಸೀಲ್ ಇರುವ ಹೊಸ ಟಿನ್ನನ್ನೇ ಒಡೆಯುತ್ತಿದ್ದರು. ಕೆಳಗಿನ ಡ್ರಮ್ಮಿನ ಎಣ್ಣೆ ತರುತ್ತಿರಲಿಲ್ಲ. ವಿದ್ಯೆಯ ಮೇಲಿನ ಗೌರವ ಎಂದುಕೊಂಡಿದ್ದೆ.

ಆ ಡ್ರಮ್ಮು ಜಾತಕದ ಫ್ರೇಮಿನ ಸರಿಯಾಗಿ ಕೆಳಗೇ ಇತ್ತು. ಊರಿನ ಮೊಪೆಡ್ಡುಗಳೆಲ್ಲ ಅದರದೇ ಋಣದಲ್ಲಿ ಓಡುತ್ತಿದ್ದವು. ಪೆಟ್ರೋಲಿನ ಜೊತೆ ಹಾಕುವುದಕ್ಕೆ ಸ್ವಲ್ಪ ಸ್ವಲ್ಪ ಆಯಿಲ್ ಬೇಕಾದವರು ಹಳೆಯ ಬಾಟಲಿ ತಂದು ಬಿಡಿಯಾಗಿ ತುಂಬಿಸಿಕೊಳ್ಳುತ್ತಿದ್ದರು. ಇದು ಹೇಗೆ ಮಾಮಾ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು.

“ಟಿನ್ನಿನಾಗಿರೋದೂ ಇದೇ, ಡ್ರಮ್ಮಿನಾಗಿರೋದೂ ಇದೇ. ಅದಕ್ಕೆ ಅಂಗಿ ಐತೆ, ಇದಕ್ಕಿಲ್ಲ.”

ಹೀಗೆ ಅಂಗಿಯಿಲ್ಲದ ಒಂದು ಬಾಟಲಿ ನಮ್ಮಣ್ಣನ ಮನೆಗೂ ಬಂತು. ಅಣ್ಣ ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟ. ಅದೇ ಗೂಡಿನಲ್ಲಿ, ಅಂಥದೇ ಬಾಟಲಿಯಲ್ಲಿ, ನಮ್ಮವ್ವ ಗಾಣದಿಂದ ತರಿಸಿದ ಹರಳೆಣ್ಣೆ ಇಟ್ಟಿದ್ದಳು. ನಮ್ಮ ಕಡೆ ಆಗಾಗ ಮಕ್ಕಳಿಗೆ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವ ಪದ್ಧತಿ. ಅವ್ವನಿಗೆ ಮೂಗುಪುಡಿಯ ಅಭ್ಯಾಸ, ಮೂಗು ಸತ್ತು ಯಾವ ಕಾಲವಾಗಿತ್ತೋ. ಎಣ್ಣೆಯ ಬಣ್ಣವೂ ಹರಳೆಣ್ಣೆಯ ಹಾಗೆ ಹಸಿರು ತಿರುಗಿದ ಹಳದಿ. ಒಂದು ಭಾನುವಾರ ಅಣ್ಣನ ಮಗಳನ್ನು, ಇನ್ನೂ ಸರಿಯಾಗಿ ಮಾತು ಬಾರದ ಕೂಸನ್ನು, ಅವ್ವ ಕಾಲ ಮೇಲೆ ಕೆಡವಿಕೊಂಡು ಮೂಗು ಹಿಡಿದು ಒಳಲೆಯಲ್ಲಿ ಆ ಎಣ್ಣೆ ಹುಯ್ದಳು. ಮಗು ಕಿರುಚಿತು, ಒದ್ದಾಡಿತು, ಕೆಮ್ಮಿತು. ಯಾರೂ ತಿರುಗಿ ನೋಡಲಿಲ್ಲ. ಹರಳೆಣ್ಣೆಗೆ ಅಳದ ಮಗು ನಮ್ಮೂರಲ್ಲಿ ಹುಟ್ಟಿಲ್ಲ.

ಅಣ್ಣ ಮೊಪೆಡ್ಡಿಗೆ ಆಯಿಲ್ ಹಾಕಲು ಗೂಡಿಗೆ ಕೈಹಾಕಿದಾಗ, ಅವ್ವ ಹುಯ್ದದ್ದು ಆಯಿಲಿನ ಬಾಟಲಿಯಿಂದ ಎಂದು ಗೊತ್ತಾಯಿತು. ಅವ್ವ ಎದೆ ಬಡಿದುಕೊಂಡಳು. ಅಕ್ಕಪಕ್ಕದವರೆಲ್ಲ ಸೇರಿದರು. ವಾಂತಿ ಮಾಡಿಸಿ ಎಂದು ಒಬ್ಬಳು ಹುಣಿಸೆನೀರು ಕದಡಿದಳು, ಇನ್ನೊಬ್ಬಳು ಸೋಪಿನ ನೀರು ತಂದಳು. ವಿಷ ಕುಡಿದವರಿಗೆ ನಮ್ಮಲ್ಲಿ ತಲೆತಲಾಂತರದಿಂದ ಮಾಡುವುದು ಅದನ್ನೇ. ಅತ್ತಿಗೆ ಮಗುವಿನ ಬಾಯಿ ಬಿಡಿಸುತ್ತಿದ್ದಳು. ಆಗ ಮಾಮ ಬಂದರು. ಸುದ್ದಿ ಕೇಳಿ ಬೀದಿಯುದ್ದಕ್ಕೂ ಓಡಿಬಂದಿದ್ದರು, ಬರಿಗಾಲು, ಬನಿಯನ್ನು, ಕಂಕುಳಲ್ಲಿ ಗೋಡೆಯಿಂದ ಕಿತ್ತ ಫ್ರೇಮು.

“ಕಕ್ಸಬ್ಯಾಡ್ರೀ,” ಎಂದು ಹುಣಿಸೆನೀರಿನ ಚೊಂಬನ್ನು ಕಾಲಿನಿಂದ ಒದ್ದರು. “ಓದು ಕಣ್ಣು, ಒಟ್ಟೆಗೋದ್ರೆ ಏನ್ ಮಾಡ್ಬೇಕಂತೆ, ಗಟ್ಟಿಯಾಗಿ ಓದು.”

ನಾನು ಓದಿದೆ. ವಾಂತಿ ಮಾಡಿಸಬೇಡಿ ಎಂದೇ ಇತ್ತು. ಮೇಲೆ ಬರುವಾಗ ಎಣ್ಣೆ ಪುಪ್ಪುಸಕ್ಕೆ ಇಳಿದರೆ ಅಪಾಯ ಎಂದಿತ್ತು. ಇಷ್ಟು ವರ್ಷ ನಾನು ಆ ಹಾಳೆಗಳನ್ನು ಗೇಲಿ ಮಾಡಿದ್ದೆ. ಆ ಹೊತ್ತಿಗೆ ಅಲ್ಲಿದ್ದವರಲ್ಲಿ ಸರಿಯಾದ ಮಾತು ಆಡಿದ್ದು ಅದೊಂದೇ. ಮಗುವನ್ನು ಟೆಂಪೋದಲ್ಲಿ ಪಾಲಕ್ಕೋಡಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಮಾಮ ಮುಂದಿನ ಸೀಟಿನಲ್ಲಿ ಫ್ರೇಮನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ರಸ್ತೆಯವರಿಗೆಲ್ಲ ಕಾಣುವ ಹಾಗೆ ಕೂತಿದ್ದರು. ಅಂಥ ಹೊತ್ತಿನಲ್ಲೂ ಅವರ ಕತ್ತು ನೆಟ್ಟಗಿತ್ತು ಎಂದು ಹೇಳಲೇಬೇಕು.

ಡಾಕ್ಟರಮ್ಮ ತಮಿಳಿನವರು, ವಯಸ್ಸು ಚಿಕ್ಕದು. ವಾಂತಿ ಮಾಡಿಸದೆ ತಂದದ್ದು ಒಳ್ಳೆಯದಾಯಿತು ಅಂದರು. ಗಾಜಿನ ಮೇಲಿನ ಕುಂಕುಮವನ್ನು ಬೆರಳಿನಿಂದ ಸರಿಸಿ ಹಾಳೆಗಳನ್ನು ಓದಿದರು. ಇಷ್ಟು ವಿವರವಾಗಿ ತಂದವರು ನೀವೇ ಮೊದಲು ಎಂದು ಮಾಮನಿಗೆ ಹೇಳಿದರು. ಮಾಮ ಉಬ್ಬಿಹೋದರು. ಇದು ಗಟ್ಟಿ ಎಣ್ಣೆ, ಸುಲಭಕ್ಕೆ ಪುಪ್ಪುಸಕ್ಕೆ ಇಳಿಯುವುದಿಲ್ಲ, ಹೊಟ್ಟೆಗೆ ಹೋಗಿ ಭೇದಿಯಲ್ಲಿ ಹೊರಬರುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು. ಮಗುವಿನ ಬಾಯಿಯ ಹತ್ತಿರ ಬಾಗಿದವರು, ಸೀಮೆಎಣ್ಣೆಯ ವಾಸನೆ ಬರುತ್ತಿದೆಯಲ್ಲ ಎಂದು ಕೇಳಿದರು. ಅತ್ತಿಗೆ ತನ್ನ ಕೈ ಮೂಸಿ ನೋಡಿಕೊಂಡು, ನಮ್ಮದು ಸೀಮೆಎಣ್ಣೆ ಸ್ಟವ್ವು, ಆಗಷ್ಟೇ ತುಂಬಿಸಿದ್ದೆ ಎಂದಳು. ಡಾಕ್ಟರಮ್ಮ ತಲೆಯಾಡಿಸಿ, ಹಾಗಾದರೆ ಮನೆಗೆ ಕರೆದುಕೊಂಡು ಹೋಗಿ, ಕೆಮ್ಮು ಹೆಚ್ಚಾದರೆ ಬನ್ನಿ ಎಂದರು. ಅಣ್ಣ ಮಗುವನ್ನು ಹೆಗಲಿಗೆ ಹಾಕಿಕೊಂಡ. ಅದರ ಉಸಿರು ಗೊರಗೊರ ಎನ್ನುತ್ತಿತ್ತು.

ಎಲ್ಲರೂ ಎದ್ದರು, ಮಾಮ ಏಳಲಿಲ್ಲ. ಫ್ರೇಮನ್ನು ಡಾಕ್ಟರಮ್ಮನ ಮೇಜಿನ ಮೇಲೆ ಹಾಗೇ ಬಿಟ್ಟು ನನ್ನ ಮುಖ ನೋಡಿದರು. ಅಷ್ಟು ಹೊತ್ತು ಡಾಕ್ಟರಮ್ಮನ ಹತ್ತಿರ ಸೊಗಸಾದ ತಮಿಳು ಆಡಿದವರ ಬಾಯಲ್ಲಿ ಈಗ ಕನ್ನಡ ಬಂತು.

“ಕಣ್ಣು, ಆ ಜಾತಕ ಟಿನ್ನಿಂದು. ಪಾಪು ಕುಡಿದಿರೋದು ಡ್ರಮ್ಮಿಂದು. ಡ್ರಮ್ಮಿಗೆ ನಾ ಸೀಮೆಣ್ಣೆ ಬೆರೆಸ್ತೀನಿ. ಡಾಕ್ಟ್ರಮ್ಮಂಗೆ ಏಳು.”

ನಾನು ಬಾಗಿಲ ಕಡೆ ನೋಡಿದೆ. ನಮ್ಮೂರಿನವರು ಆ ಕೋಣೆಯ ಬಾಗಿಲಲ್ಲೂ ಹೊರಗಿನ ಬೆಂಚಿನ ಮೇಲೂ ತುಂಬಿದ್ದರು, ಎಲ್ಲರೂ ಕನ್ನಡ ಬಲ್ಲವರು. ಕೋಣೆಯಲ್ಲಿ ಆ ಮಾತು ಅರ್ಥವಾಗದವರು ಡಾಕ್ಟರಮ್ಮ ಒಬ್ಬರೇ.

“ಏಳು ಕಣ್ಣು. ಸೀಕಿರಂ, ಬೇಗ.”

ನಾನು ತಮಿಳಿನಲ್ಲಿ ಹೇಳಿದೆ. ಎಷ್ಟು ಬೆರೆಸುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಕಾಲು ಭಾಗ, ಒಂದೊಂದು ಸಲ ಅದಕ್ಕೂ ಜಾಸ್ತಿ ಎಂದು ಮಾಮ ತಲೆತಗ್ಗಿಸಿ ಹೇಳಿದರು. ರೇಷನ್ ಸೀಮೆಎಣ್ಣೆಯ ನೀಲಿ ಬಣ್ಣ ಹಳದಿ ಆಯಿಲಿಗೆ ಸೇರಿ ಹರಳೆಣ್ಣೆಯ ಹಸಿರು ಬಂದದ್ದು ನನಗೆ ಆಗ ಹೊಳೆಯಿತು. ಟೈಪ್‌ರೈಟರಿಗೆ ಡ್ರಮ್ಮಿನ ಎಣ್ಣೆ ಯಾಕೆ ಬರುತ್ತಿರಲಿಲ್ಲ ಎಂಬುದೂ ಹೊಳೆಯಿತು. ಡಾಕ್ಟರಮ್ಮ ಅಷ್ಟರಲ್ಲಿ ಅಣ್ಣನ ಹೆಗಲಿನಿಂದ ಮಗುವನ್ನು ಕಿತ್ತುಕೊಂಡೇ ಒಳಗೆ ನಡೆದಿದ್ದರು. ಸೀಮೆಎಣ್ಣೆ ನೀರಿನಷ್ಟು ತೆಳು, ಕೆಮ್ಮಿದಾಗಲೇ ಉಸಿರಿನ ದಾರಿಗೆ ಇಳಿದಿರುತ್ತದೆ, ಈ ಮಗು ಇಲ್ಲಿಂದ ಕದಲಕೂಡದು ಎಂದು ನಡೆಯುತ್ತಲೇ ಹೇಳಿದರು. ಅಣ್ಣ ಮಾಮನ ಬನಿಯನ್ನು ಹಿಡಿದೆತ್ತಿದ. ಯಾರೂ ಬಿಡಿಸಲು ಹೋಗಲಿಲ್ಲ. ಬೆಂಚಿನ ಮೇಲಿದ್ದ ನಮ್ಮೂರಿನ ಒಬ್ಬಾತ ಮಾತ್ರ ನಿಧಾನಕ್ಕೆ ಎದ್ದು ಬಂದು, “ಅಂಗಾರೆ ಮಾಮಾ, ನಂ ಮೊಪೆಡ್ ವಂಡಿ ಪಿಸ್ಟನ್ನು?” ಎಂದು ಕೇಳಿದ. ಅಣ್ಣನ ಕೈ ಸಡಿಲವಾಯಿತು, ಮಗುವಿನ ಹಿಂದೆ ಒಳಗೆ ಓಡಿದ.

ಊರಿನ ವಿಚಾರ ಮೊದಲು ಹೇಳಿ ಮುಗಿಸುತ್ತೇನೆ. ಮಾಮನ ವ್ಯಾಪಾರ ಇಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಆಮೇಲೆ ಅಂಗಡಿ ತೆಗೆದಾಗ ಮೊದಲ ವಾರ ಜನ ಬಂದು ಬೈದರು. ಎರಡನೆಯ ವಾರ ಬಾಟಲಿ ಹಿಡಿದು ಬಂದು ಬೈದರು. ಮಾಮ ಡ್ರಮ್ಮನ್ನು ಮಗುಚಿ ಹಾಕಿ, ಇನ್ನು ಸೀಲ್ ಟಿನ್ ಮಾತ್ರ ಎಂದರೆ, ಅಷ್ಟು ದುಬಾರಿ ಯಾರಿಗೆ ಬೇಕು, ಒಂದಿಷ್ಟು ಕಲಪ್ಪಡಂ ಆದರೂ ಪರವಾಗಿಲ್ಲ, ಹಳೆಯದನ್ನೇ ಕೊಡಿ ಎಂದು ಗೋಗರೆದವರೂ ಇದ್ದರು. ಕಲಬೆರಕೆಗೆ ನಮ್ಮವರು ಹೇಳುವ ತಮಿಳು ಮಾತು ಅದು. ಅದಕ್ಕೊಂದು ಕನ್ನಡ ಮಾತಿನ ಅಗತ್ಯ ನಮ್ಮೂರಿಗೆ ಬಿದ್ದೇ ಇರಲಿಲ್ಲ. ಮಾಮ ಕೊಡಲಿಲ್ಲ. ಕೊಡದ ತಪ್ಪಿಗೆ ಜನ ಪಾಲಕ್ಕೋಡಿನಿಂದ ಬಿಡಿ ಆಯಿಲ್ ತಂದು ಹಾಕಿಕೊಂಡರು.

ಆಸ್ಪತ್ರೆಯಲ್ಲಿ ಮಗುವಿಗೆ ಜ್ವರ ಏರಿತು. ಎಕ್ಸ್-ರೇಯಲ್ಲಿ ಬಲಗಡೆಯ ಪುಪ್ಪುಸ ಮಂಜು ಹಿಡಿದ ಹಾಗಿತ್ತು. ಮೂಗಿಗೆ ಆಕ್ಸಿಜನ್ ಹಾಕಿದರು. ಉಸಿರಾಡುವುದೇ ಕೆಲಸವಾಗಿದ್ದ ಮಗುವಿಗೆ ಅಳುವಷ್ಟು ತ್ರಾಣ ಇರಲಿಲ್ಲ. ಸೂಜಿ ಚುಚ್ಚಿದರೂ ಬಾಯಿ ಅಗಲವಾಗುತ್ತಿತ್ತು, ದನಿ ಬರುತ್ತಿರಲಿಲ್ಲ. ಆ ಮೂಕಬಾಯಿ ನೋಡಲಾಗದೆ ಅವ್ವ ಮೂಗುಪುಡಿಯ ಡಬ್ಬಿಯನ್ನು ಕಿಟಕಿಯಿಂದ ಎಸೆದಳು. ಜೋರಾಗಿ ಅತ್ತ ದಿನ ಮನೆಗೆ ಕಳಿಸುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದರು. ಮನೆಗೆ ಕರೆದೊಯ್ದಿದ್ದರೆ ತಿರುಗಿ ತರುವಷ್ಟು ಹೊತ್ತು ಈ ಮಗು ಕೊಡುತ್ತಿರಲಿಲ್ಲ ಎಂದೂ ಹೇಳಿದರು. ಅದನ್ನು ಕೇಳಿದ ಮೇಲೆ ಅಣ್ಣ ಮಾಮನನ್ನು ಹೊಡೆಯುವ ಮಾತು ಬಿಟ್ಟ, ಮಾತಾಡಿಸುವುದನ್ನೂ ಬಿಟ್ಟ.

ಮಾಮ ಆಸ್ಪತ್ರೆ ಬಿಟ್ಟು ಹೋಗಲಿಲ್ಲ. ಜಗಲಿಯ ಕಂಬದ ಪಕ್ಕ ಕೂತೇ ಇದ್ದರು. ಅವರ ಹೆಂಡತಿ ತಂದ ಊಟವನ್ನು ನಮ್ಮ ಕಡೆ ಸರಿಸುತ್ತಿದ್ದರು, ನಾವು ಮುಟ್ಟುತ್ತಿರಲಿಲ್ಲ. ಬಾಯಿಗೆ ಬಿಡುವೇ ಕೊಡದಿದ್ದ ಮನುಷ್ಯ ಯಾರಾದರೂ ಒಳಗಿಂದ ಬಂದರೆ ಎದ್ದು ನಿಂತು ಮುಖ ನೋಡುವುದು, ಮತ್ತೆ ಕೂರುವುದು, ಇಷ್ಟೇ. ನನಗೆ ಅವರ ಮೇಲೆ ಉರಿಯುವಷ್ಟು ಕೋಪವಿತ್ತು. ಆದರೂ ಒಂದು ಮಧ್ಯಾಹ್ನ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟೆ. ಅದು ಆರಿಹೋಯಿತು, ಕುಡಿಯಲಿಲ್ಲ.

ಜ್ವರ ಇಳಿದ ಬೆಳಗ್ಗೆ ಅತ್ತಿಗೆ ಮಗುವನ್ನು ಎಳೆಬಿಸಿಲಿಗೆಂದು ಜಗಲಿಗೆ ಎತ್ತಿಕೊಂಡು ಬಂದಳು. ಮಾಮ ಎದ್ದು ನಿಂತರು. ಕೂದಲು ಕೆದರಿ, ಗಡ್ಡ ಬೆಳೆದು, ಎಷ್ಟೋ ದಿನದ ಅದೇ ಬನಿಯನ್ನಿನಲ್ಲಿದ್ದ ಆ ಮುಖವನ್ನು ಮಗು ಕಣ್ಣರಳಿಸಿ ನೋಡಿತು. ತುಟಿ ಸೊಟ್ಟಗಾಯಿತು. ಆಮೇಲೆ ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಕಿಟಾರನೆ ಕಿರುಚಿ ಅಳತೊಡಗಿತು. ಒಳಗಿನಿಂದ ಅಣ್ಣ ಓಡಿಬಂದ, ಹಿಂದೆಯೇ ಡಾಕ್ಟರಮ್ಮ. ಮಗು ಹೆದರಿದ್ದು ತಮ್ಮನ್ನು ಕಂಡೇ ಎಂದು ಗೊತ್ತಾಗಿ ಮಾಮ ಗಾಬರಿಯಿಂದ ಕಂಬದ ಹಿಂದೆ ಸರಿದುಕೊಂಡರು.

ಅತ್ತಿಗೆ ಅಷ್ಟು ದಿನ ಅವರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಈಗ ಅಳುವ ಮಗುವನ್ನು ಕೈಬದಲಿಸಿಕೊಂಡು, ಕಂಬದ ಹತ್ತಿರ ಹೋದಳು.

“ಅವಿತ್ಕೊಬ್ಯಾಡ ಮಾಮಾ,” ಅಂದಳು. “ಈಚೆ ಬಂದು ನಿಂತ್ಕೊ. ಇನ್ನೊಂದಷ್ಟು ಅಳ್ಲಿ.”